ಆಟಿಕೆ ಟ್ಯಾಂಕುಗಳ ಕಾಳಗದಲ್ಲಿ ಸಮಬಲದ ಲೆಕ್ಕ

ವಿದ್ಯಾರ್ಥಿಗಳೇ, ಲೆಕ್ಕದ ಪಾಠವೆಂದೊಡನೆ ನಿಮ್ಮಲ್ಲಿ ಹಲವರ ಮುಖ ಬಾಡುವುದನ್ನು ನಾನು ಬಹುಕಾಲದಿಂದ ನೋಡುತ್ತ ಬಂದಿರುವೆನು. ಆದುದರಿಂದ ಈ ಸಂಚಿಕೆಗೆ ಒಂದು ಪಾಠವನ್ನು ಬರೆದುಕೊಡಬೇಕೆಂದು ಕೇಳಿದಾಗ, ಆಟದೊಳಗೆ ಅಡಗಿರುವ ಒಂದು ಲೆಕ್ಕವನ್ನೇ ಆರಿಸಿಕೊಂಡೆನು. ಇದರಲ್ಲಿ ನಾನು ಮಾಡಿದ ತಪ್ಪೊಂದು ಸೇರಿದೆ. ಅದನ್ನು ತಿದ್ದಿದವಳು ಏಳನೆಯ ತರಗತಿಯ ಒಬ್ಬ ಬಾಲಿಕೆ. ಆ ಸಂಗತಿ ಮುಂದೆ ಬರುವುದು.

ಕಳೆದ ವರ್ಷ ಓಣಂ ರಜೆಯು ಮುಗಿದ ತರುವಾಯ ನಮ್ಮ ಶಾಲೆಯ ಒಬ್ಬ ಹುಡುಗನು, ಕೊಲ್ಲಿ ದೇಶದಲ್ಲಿರುವ ತನ್ನ ಸೋದರಮಾವ ಕಳುಹಿಸಿದ ಎರಡು ಆಟಿಕೆ ಟ್ಯಾಂಕುಗಳನ್ನು ತಂದು ತೋರಿಸಿದನು. ಕೈಯಲ್ಲಿ ಹಿಡಿದ ಪೆಟ್ಟಿಗೆಯಿಂದ ರೇಡಿಯೊ ಅಲೆಗಳ ಮೂಲಕ ಅವನ್ನು ನಡೆಸಬಹುದು, ತಿರುಗಿಸಬಹುದು, ಒಂದರಿಂದ ಇನ್ನೊಂದಕ್ಕೆ ಗುಂಡು ಹಾರಿಸಬಹುದು. ಗುಂಡೆಂದರೆ ಸೀಸದ್ದಲ್ಲ, ಮನೆಯ ಟೆಲಿವಿಷನ್ನಿನ ರಿಮೋಟಿನಿಂದ ಹೊರಡುವಂಥ, ಕಣ್ಣಿಗೆ ಕಾಣದ ಅವಗೆಂಪು ಕಿರಣ. ಎರಡರಲ್ಲಿ ಒಂದು ದೊಡ್ಡದು, ಜರ್ಮನರ ಟೈಗರ್ ಟ್ಯಾಂಕಿನ ಪ್ರತಿಕೃತಿ; ಇನ್ನೊಂದು ಹಗುರ ಜಾತಿಯ ಚಿಕ್ಕ ಟ್ಯಾಂಕು. ದೊಡ್ಡದನ್ನು ಆ ಹುಡುಗನು ತಾನಿಟ್ಟುಕೊಂಡು ಚಿಕ್ಕದನ್ನು ಆರನೆಯ ತರಗತಿಯ ತನ್ನ ತಮ್ಮನಿಗೆ ಕೊಟ್ಟನು. ತಮ್ಮನು ಸೋತನು, ಮರುದಿನವೂ ಸೋತನು. ನಾಲ್ಕನೆಯ ದಿನ ಅವನು ಆಟಕ್ಕೇ ಬರಲಿಲ್ಲ. "ದೊಡ್ಡದು ಗೆಲ್ಲುವುದು ನ್ಯಾಯವಲ್ಲವೇ ಸಾರ್? ನಿಜವಾದ ಯುದ್ಧದಲ್ಲಿ ಹಾಗೆಯೇ ತಾನೆ?" ಎಂದು ಅಣ್ಣನು ಕೇಳಿದನು. ಆ ಪ್ರಶ್ನೆಯೇ ಈ ಲೇಖನಕ್ಕೆ ಮೂಲ.

ಅವನ ಮಾತಿನಲ್ಲಿ ಸತ್ಯಾಂಶವಿದೆ. ಟೈಗರ್ ಟ್ಯಾಂಕಿನ ತೂಕ ಸುಮಾರು 57 ಟನ್ನು. ಮುಂಭಾಗದ ಉಕ್ಕಿನ ಕವಚ 100 ಮಿಲಿಮೀಟರ್ ದಪ್ಪ. ಫಿರಂಗಿಯ ಬಾಯಿ 88 ಮಿಲಿಮೀಟರ್. ಅಮೆರಿಕದವರ ಹಗುರ ಟ್ಯಾಂಕಾದ ಸ್ಟುವರ್ಟಿನ ತೂಕ ಸುಮಾರು 15 ಟನ್ನು; ಅದರ ಫಿರಂಗಿ ಬರಿಯ 37 ಮಿಲಿಮೀಟರಿನದು. ಇವೆರಡೂ ಎದುರುಬದುರಾಗಿ ನಿಂತರೆ ಫಲವೇನೆಂದು ಹೇಳಲು ಲೆಕ್ಕವೇ ಬೇಡ. ಆದರೆ ಯುದ್ಧದಲ್ಲಿ ಯಾವ ಸೇನಾಪತಿಯೂ ಶತ್ರುವಿಗೆ ಸಮಬಲ ದೊರೆಯಲೆಂದು ಬಯಸುವುದಿಲ್ಲ, ಅಸಮಬಲವನ್ನೇ ಹುಡುಕುವನು. ಜರ್ಮನರು ಟೈಗರ್ ಟ್ಯಾಂಕುಗಳನ್ನು ಸಾವಿರದ ಮುನ್ನೂರಕ್ಕೂ ಮಿಕ್ಕಿ ಕಟ್ಟಿದರೆ, ಅಮೆರಿಕದವರು ಶೆರ್ಮನ್ ಎಂಬ ಮಧ್ಯಮ ಟ್ಯಾಂಕುಗಳನ್ನು 49,000ಕ್ಕೂ ಹೆಚ್ಚಾಗಿ ಕಟ್ಟಿ ಸಂಖ್ಯೆಯಿಂದಲೇ ಅದಕ್ಕೆ ಉತ್ತರ ಕೊಟ್ಟರು. ಆಟದ ಧರ್ಮ ಬೇರೆ. ಇಬ್ಬರಿಗೂ ಗೆಲ್ಲುವ ಅವಕಾಶವಿಲ್ಲವಾದರೆ ಸೋಲುವವನು ಎದ್ದು ಹೋಗುವನು; ಅವನು ಹೋದ ಮೇಲೆ ಗೆದ್ದವನಿಗೂ ಆಟವಿಲ್ಲ. ಅಣ್ಣನಿಗೆ ಆದದ್ದು ಅದೇ. ತಮ್ಮನಿಲ್ಲದೆ ಟೈಗರ್ ಟ್ಯಾಂಕು ಎರಡು ದಿನ ಜಗಲಿಯಲ್ಲಿ ಸುಮ್ಮನೆ ಕುಳಿತಿತ್ತು.

ಅಸಮಾನರನ್ನು ಆಟಕ್ಕೆ ಹೂಡಲು ಎರಡು ಮಾರ್ಗಗಳಿವೆ. ಮೊದಲನೆಯದು ವರ್ಗ ಮಾಡುವುದು. ನಮ್ಮ ಸೀಮೆಯ ಕಂಬಳವನ್ನು ನೋಡಿದವರಿಗೆ ಇದು ಹೊಸತಲ್ಲ. ಅಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳಿವೆ. ಹಗ್ಗ ನೇಗಿಲುಗಳಲ್ಲಿ ಮತ್ತೆ ಹಿರಿಯ ಕಿರಿಯ ಎಂಬ ಭೇದವಿದೆ. ಕಿರಿಯ ಕೋಣಗಳನ್ನು ಹಿರಿಯ ಕೋಣಗಳ ಎದುರಿಗೆ ಯಾರೂ ಓಡಿಸುವುದಿಲ್ಲ. ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಮಾಡುವುದೂ ಇದೇ ಮಾರ್ಗ. ಎರಡನೆಯ ಮಾರ್ಗವೆಂದರೆ, ಅಸಮಾನರನ್ನೇ ಎದುರುಬದುರು ನಿಲ್ಲಿಸಿ, ಒಬ್ಬನಿಗೆ ಒಂದು ಗುಣದಲ್ಲಿ ಕಡಮೆಯಾದುದನ್ನು ಇನ್ನೊಂದು ಗುಣದಲ್ಲಿ ತುಂಬಿಕೊಡುವ ನಿಯಮವನ್ನು ರಚಿಸುವುದು. ಇದು ಕಷ್ಟತರವಾದುದು, ಆದರೆ ರುಚಿಕರವಾದುದು. ಟ್ಯಾಂಕುಗಳ ಆಟದ ಸೊಗಸೇ ಬಗೆಬಗೆಯ ಟ್ಯಾಂಕುಗಳು ಒಂದೇ ಬಯಲಿನಲ್ಲಿ ಸೇರುವುದಾದ್ದರಿಂದ, ಈ ಹವ್ಯಾಸದವರು ಎರಡನೆಯ ಮಾರ್ಗವನ್ನೇ ಹಿಡಿದಿರುವರು.

ಇದೇನೂ ನಿನ್ನೆಯ ವಿಚಾರವಲ್ಲ. ಪ್ರಸಿದ್ಧ ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಪುಸ್ತಕದಲ್ಲಿ ತವರದ ಸಿಪಾಯಿಗಳ ಕಾಳಗಕ್ಕೆ ನಿಯಮಗಳನ್ನು ಬರೆದನು. ಒಂದು ಸರದಿಯಲ್ಲಿ ಕಾಲಾಳು ಒಂದು ಅಡಿ ನಡೆದರೆ ಕುದುರೆ ಸವಾರನು ಎರಡು ಅಡಿ ನಡೆಯಬಹುದು. ಆಟಿಕೆಯ ಫಿರಂಗಿ ನಿಜವಾಗಿಯೂ ಕಡ್ಡಿಯನ್ನು ಹಾರಿಸುತ್ತಿತ್ತು. ಆದರೆ ಅದರ ಬಳಿ ನಾಲ್ವರು ಸಿಪಾಯಿಗಳು ನಿಂತಿಲ್ಲದಿದ್ದರೆ ಅದನ್ನು ಹಾರಿಸುವಂತಿಲ್ಲ. ಫಿರಂಗಿಯ ಬಲಕ್ಕೆ ಆಳುಗಳ ಬೆಲೆಯನ್ನು ಕಟ್ಟಿದ ಬಗೆ ಅದು. ಇದೇ ವೆಲ್ಸ್, ಉಕ್ಕಿನ ಹೊದಿಕೆಯ ಯುದ್ಧವಾಹನಗಳನ್ನು ಕುರಿತು 1903ರಲ್ಲಿಯೇ ಒಂದು ಕಥೆಯನ್ನು ಬರೆದಿದ್ದನು. ನಿಜವಾದ ಟ್ಯಾಂಕುಗಳು ರಣರಂಗಕ್ಕೆ ಬಂದುದು 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೊಮ್ ನದಿಯ ಕದನದಲ್ಲಿ.

ಈಗ ಇಂದಿನ ಆಟಕ್ಕೆ ಬರೋಣ. ಅಮೆರಿಕದಲ್ಲಿ ಕೆಲವರು ನಿಜವಾದ ಟ್ಯಾಂಕಿನ ಆರನೆಯ ಒಂದು ಪಾಲಿನ ಅಳತೆಯಲ್ಲಿ, ಅಂದರೆ ಒಂದು ಮೀಟರಿಗೂ ಮಿಕ್ಕ ಉದ್ದದ ವಾಹನಗಳನ್ನು ತಾವೇ ಕಟ್ಟಿ ಬಣ್ಣದ ಗುಂಡುಗಳನ್ನು ಹಾರಿಸಿ ಆಡುವರು. ಹೆಚ್ಚು ಬಳಕೆಯಲ್ಲಿರುವುದು ಹದಿನಾರನೆಯ ಒಂದು ಪಾಲಿನ ಅಳತೆ. ಜಪಾನಿನ ಶಿಜುಒಕಾ ನಗರದ ತಮಿಯಾ ಸಂಸ್ಥೆಯವರು ಈ ಅಳತೆಯ ಟ್ಯಾಂಕುಗಳಿಗಾಗಿ ಅವಗೆಂಪು ಕಿರಣದ ಕಾಳಗ ವ್ಯವಸ್ಥೆಯೊಂದನ್ನು ಮಾಡಿದ್ದಾರೆ. ಅದರಲ್ಲಿ ಹಗುರ ಟ್ಯಾಂಕು 3 ಪೆಟ್ಟಿಗೆ ಸೋಲುವುದು, ಮಧ್ಯಮ ಟ್ಯಾಂಕು 6 ಪೆಟ್ಟಿಗೆ, ಭಾರಿ ಟ್ಯಾಂಕು 9 ಪೆಟ್ಟಿಗೆ. ಪ್ರತಿಯಾಗಿ, ಟ್ಯಾಂಕು ಭಾರಿಯಾದಷ್ಟೂ ಒಂದು ಗುಂಡು ಹಾರಿಸಿದ ಮೇಲೆ ಮುಂದಿನ ಗುಂಡಿಗೆ ಹೆಚ್ಚು ಹೊತ್ತು ಕಾಯಬೇಕು. ತಾಳಿಕೊಳ್ಳುವ ಶಕ್ತಿ ಒಂದು ಕೈಯಲ್ಲಿ, ಹೊಡೆಯುವ ವೇಗ ಇನ್ನೊಂದು ಕೈಯಲ್ಲಿ: ಈ ಎರಡನ್ನು ತಕ್ಕಡಿಯಲ್ಲಿಟ್ಟು ತೂಗಿದುದೇ ಆ ನಿಯಮದ ತಿರುಳು. ಪೆಟ್ಟು ತಿಂದಂತೆಲ್ಲ ಟ್ಯಾಂಕಿನ ಓಟವೂ ಕುಗ್ಗುವುದೆಂಬ ಇನ್ನೊಂದು ಅಂಶವೂ ಅಲ್ಲಿದೆ. ಯುದ್ಧದ ಸತ್ಯಕ್ಕೆ ಇದು ಹತ್ತಿರವಾದುದಾದರೂ ನನಗೆ ಅಷ್ಟು ಹಿಡಿಸದು. ಮೊದಲು ಪೆಟ್ಟು ತಿಂದವನು ಮತ್ತಷ್ಟು ಪೆಟ್ಟು ತಿನ್ನುವಂತೆ ಮಾಡುವ ನಿಯಮವು ಕುಂಟುವವನನ್ನು ತಳ್ಳಿದಂತೆ.

ನಮ್ಮ ಹುಡುಗನ ಆಟಿಕೆಗಳಲ್ಲಿ ಇಂಥ ವ್ಯವಸ್ಥೆಯಿರಲಿಲ್ಲ. ದೊಡ್ಡದಕ್ಕೆ ಹೆಚ್ಚು ಪೆಟ್ಟು ತಾಳುವ ಶಕ್ತಿಯಿತ್ತು. ಗುಂಡಿನ ವೇಗ ಎರಡಕ್ಕೂ ಒಂದೇ. ತಮ್ಮನು ಸೋತುದರಲ್ಲಿ ಆಶ್ಚರ್ಯವೇನು? ಆದುದರಿಂದ ನಾನು ಕರಿಹಲಗೆಯ ಮೇಲೆ ಹೀಗೆ ಬರೆದೆನು: ಹಗುರ ಟ್ಯಾಂಕಿಗೆ 3 ಪೆಟ್ಟು, 3 ಸೆಕೆಂಡಿಗೊಂದು ಗುಂಡು, ಭಾರಿ ಟ್ಯಾಂಕಿಗೆ 9 ಪೆಟ್ಟು, 9 ಸೆಕೆಂಡಿಗೊಂದು ಗುಂಡು. ಭಾರಿಯನ್ನು ಸೋಲಿಸಲು ಹಗುರಕ್ಕೆ ಬೇಕಾದ ಕಾಲ 9 × 3 = 27 ಸೆಕೆಂಡು. ಹಗುರವನ್ನು ಸೋಲಿಸಲು ಭಾರಿಗೆ ಬೇಕಾದ ಕಾಲ 3 × 9 = 27 ಸೆಕೆಂಡು. ಎರಡೂ ಸಮ. "ನೋಡಿದಿರಾ, ಎಷ್ಟು ಸುಂದರ!" ಎಂದು ನಾನೇ ನನ್ನ ಬೆನ್ನು ತಟ್ಟಿಕೊಂಡೆನು.

ಯಂತ್ರದಲ್ಲಿ ಈ ನಿಯಮವನ್ನು ಅಳವಡಿಸುವ ಉಪಾಯ ನಮಗೆ ತಿಳಿಯದ್ದರಿಂದ, ಮಕ್ಕಳೇ ಟ್ಯಾಂಕುಗಳಾಗಿ ಅಂಗಳದಲ್ಲಿ ಆಡುವುದೆಂದು ನಿಶ್ಚಯವಾಯಿತು. ಹಗುರ ಟ್ಯಾಂಕಾದವನ ಕೈಯಲ್ಲಿ 3 ಹುಣಿಸೆ ಬೀಜ, ಭಾರಿಯಾದವನ ಕೈಯಲ್ಲಿ 9 ಬೀಜ. ಒಬ್ಬನು ಸೆಕೆಂಡಿಗೊಂದರಂತೆ ಚಪ್ಪಾಳೆ ತಟ್ಟಬೇಕು. ಗುಂಡು ಹಾರಿಸುವ ಸರದಿ ಬಂದವನು 'ಢಂ' ಎನ್ನಬೇಕು; ಎದುರಾಳಿಯು ಒಂದು ಬೀಜವನ್ನು ಕೆಳಗೆ ಹಾಕಬೇಕು. ಆಡಿದರು. ಭಾರಿ ಟ್ಯಾಂಕೇ ಗೆದ್ದಿತು. ಮತ್ತೆ ಆಡಿದರು, ಮತ್ತೆ ಅದೇ ಗೆದ್ದಿತು. ಚಪ್ಪಾಳೆ ತಟ್ಟುವವನು ಸರಿಯಾಗಿ ತಟ್ಟಲಿಲ್ಲವೆಂದು ನಾನು ಗದರಿಸಿದೆನು. ಆಗ ಏಳನೆಯ ತರಗತಿಯ ಆ ಬಾಲಿಕೆಯು, "ಸಾರ್, ಪ್ರತಿ ಸಲವೂ ಭಾರಿಯವನ ಕೈಯಲ್ಲಿ ಎರಡೇ ಬೀಜ ಉಳಿಯುತ್ತದೆ. ತಟ್ಟಿದ್ದು ತಪ್ಪಾದರೆ ಒಮ್ಮೆ ಒಂದು, ಒಮ್ಮೆ ಮೂರು ಉಳಿಯಬೇಕಿತ್ತು" ಎಂದಳು.

ನಾನು ನಿರುತ್ತರನಾದೆನು. ಆಕೆ ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದಳು. ಆಟ ಆರಂಭವಾಗುವಾಗ ಇಬ್ಬರ ಫಿರಂಗಿಗಳೂ ತುಂಬಿರುತ್ತವೆ. ಮೊದಲ ಗುಂಡಿಗೆ ಯಾರೂ ಕಾಯುವುದಿಲ್ಲ. ಆದುದರಿಂದ ಭಾರಿಯ ಗುಂಡುಗಳು ಹೊರಡುವುದು 0, 9, 18ನೆಯ ಸೆಕೆಂಡುಗಳಲ್ಲಿ. ಹದಿನೆಂಟಕ್ಕೇ ಹಗುರದ ಕಥೆ ಮುಗಿಯಿತು. ಹಗುರವು 0, 3, 6, 9, 12, 15, 18ರಲ್ಲಿ ಹೊಡೆದು ಅಷ್ಟರೊಳಗೆ ಏಳೇ ಗುಂಡು ಹಾರಿಸಿತ್ತು. ಒಂಬತ್ತರಲ್ಲಿ ಏಳು ಹೋದರೆ ಎರಡು.

ಮೂರು ಗುಂಡುಗಳ ನಡುವೆ ಇರುವ ಬಿಡುವು ಮೂರಲ್ಲ, ಎರಡು. ಹತ್ತು ಗೂಟಗಳ ಬೇಲಿಗೆ ಒಂಬತ್ತೇ ಸಂದುಗಳೆಂದು ನಾನೇ ವರ್ಷವರ್ಷವೂ ಪಾಠ ಹೇಳುವವನು. ನನ್ನ ಬೇಲಿಯಲ್ಲಿಯೇ ಆ ಸಂದನ್ನು ಮರೆತೆನು. ತಿದ್ದಿದ ಲೆಕ್ಕ ಹೀಗೆ: ಹಗುರಕ್ಕೆ ಬೇಕಾದ ಕಾಲ (9 − 1) × 3 = 24 ಸೆಕೆಂಡು. ಭಾರಿಗೆ ಬೇಕಾದ ಕಾಲವೂ 24 ಆಗಬೇಕಾದರೆ ಅದರ ಬಿಡುವು 24 ÷ (3 − 1) = 12 ಸೆಕೆಂಡು. ಮಧ್ಯಮ ಟ್ಯಾಂಕನ್ನು ಸೇರಿಸೋಣ. ಅದನ್ನು ಸೋಲಿಸಲು ಹಗುರಕ್ಕೆ (6 − 1) × 3 = 15 ಸೆಕೆಂಡು ಬೇಕು; ಆದುದರಿಂದ ಮಧ್ಯಮದ ಬಿಡುವು 15 ÷ 2 = 7½ ಸೆಕೆಂಡು. ಇನ್ನು ಮಧ್ಯಮ ಭಾರಿಗಳನ್ನು ಎದುರುಬದುರು ನಿಲ್ಲಿಸಿ. ಮಧ್ಯಮಕ್ಕೆ ಬೇಕಾದುದು 8 × 7½ = 60; ಭಾರಿಗೆ ಬೇಕಾದುದು 5 × 12 = 60. ನಾವು ಬಯಸದಿದ್ದರೂ ಆ ಜೋಡಿಯೂ ತಾನಾಗಿಯೇ ಸಮವಾಯಿತು! ಬಿಡುವುಗಳು 'ಪೆಟ್ಟುಗಳಿಗಿಂತ ಒಂದು ಕಡಮೆ' ಎಂಬ ಸಂಖ್ಯೆಗಳ, ಅಂದರೆ 2, 5, 8ರ ಪ್ರಮಾಣದಲ್ಲಿರುವುದೇ ಇದಕ್ಕೆ ಕಾರಣವೆಂದು ಮೇಲಿನ ತರಗತಿಯವರು ಸಾಧಿಸಿ ನೋಡಬಹುದು.

ಈ 3, 7½, 12ರ ನಿಯಮ ನನಗೆ ಬಹಳ ಮೆಚ್ಚಿಕೆಯಾಯಿತು. ಮಕ್ಕಳಿಗೆ ಮೆಚ್ಚಿಕೆಯಾಗಲಿಲ್ಲ. ಏಳೂವರೆ ಚಪ್ಪಾಳೆ ತಟ್ಟುವುದು ಹೇಗೆಂದು ಅವರ ಪ್ರಶ್ನೆ. ಅದೇ ಬಾಲಿಕೆಯು ಇನ್ನೊಂದು ಉಪಾಯವನ್ನು ಸೂಚಿಸಿದಳು: ಎಲ್ಲರೂ ಬರಿದಾದ ಫಿರಂಗಿಯಿಂದ ಆರಂಭಿಸಲಿ, ಮೊದಲ ಗುಂಡಿಗೂ ಪೂರ್ತಿ ಬಿಡುವನ್ನು ಕಾಯಲಿ. ಹಾಗೆ ಮಾಡಿದರೆ ನನ್ನ 3, 6, 9ರ ಮೊದಲಿನ ಲೆಕ್ಕವೇ ಸರಿಯಾಗುವುದು, 27ಕ್ಕೆ 27. ಅಂಗಳದಲ್ಲಿ ಈಗ ನಡೆಯುತ್ತಿರುವ ನಿಯಮ ಅದು.

ಒಂದಕ್ಕೊಂದು ನಿಂತಾಗ ಸಮವಾದುದು ಗುಂಪಿನಲ್ಲಿ ಸಮವಾಗಿಯೇ ಉಳಿಯುವುದೇ? ಇಲ್ಲಿ ಬಹು ಜನ ಎಡವುವರು. ಭಾರಿಗೆ 9 ಬೀಜ, ಹಗುರಕ್ಕೆ 3. ಆದುದರಿಂದ ಒಂದು ಭಾರಿಗೆ ಮೂರು ಹಗುರಗಳನ್ನು ಎದುರಿಟ್ಟರೆ ನ್ಯಾಯವೆಂದು ಅಣ್ಣನು ವಾದಿಸಿದನು. ಆಡಿಸಿದೆವು. ಮೂರು ಹಗುರಗಳೂ 3, 6, 9ನೆಯ ಚಪ್ಪಾಳೆಗಳಲ್ಲಿ ಒಟ್ಟಿಗೆ ಹೊಡೆದವು. ಒಂಬತ್ತಕ್ಕೆ ಒಂಬತ್ತು ಬೀಜವೂ ಹೋಯಿತು. ಭಾರಿಗೆ ಹಾರಿಸಲು ದೊರೆತುದು ಒಂದೇ ಗುಂಡು, ಅದೂ ಸಾಯುವ ಕ್ಷಣದಲ್ಲಿ. ಹಗುರಗಳಲ್ಲಿ ಒಂದೂ ಬೀಳಲಿಲ್ಲ.

ಇದರ ಹಿಂದಿರುವ ಗಣಿತವನ್ನು ತಿಳಿಸಿದವನು ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಆಂಗ್ಲ ಇಂಜಿನಿಯರು. ಮೋಟಾರು ಕಾರುಗಳನ್ನು ನಿರ್ಮಿಸಿದವನೀತ. ಮೊದಲನೆಯ ಮಹಾಯುದ್ಧದಲ್ಲಿ ಬಳಕೆಗೆ ಬಂದ ಕವಚದ ಕಾರೊಂದಕ್ಕೆ ಅವನ ಸಂಸ್ಥೆಯ ಹೆಸರಿತ್ತು. 1914ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಈತನು ತೋರಿಸಿದುದೇನೆಂದರೆ, ದೂರದಿಂದ ಗುಂಡು ಹಾರಿಸಿ ಹೋರಾಡುವ ಸೇನೆಯ ಬಲವು ಅದರ ಸಂಖ್ಯೆಯ ಪ್ರಮಾಣದಲ್ಲಿ ಬೆಳೆಯುವುದಿಲ್ಲ, ಸಂಖ್ಯೆಯ ವರ್ಗದ ಪ್ರಮಾಣದಲ್ಲಿ ಬೆಳೆಯುವುದು. ಕಾರಣ ಸುಲಭವಾಗಿದೆ. ಟ್ಯಾಂಕುಗಳು ಇಮ್ಮಡಿಯಾದರೆ ಶತ್ರುವಿಗೆ ಬೀಳುವ ಪೆಟ್ಟು ಇಮ್ಮಡಿಯಾಗುವುದು. ಜೊತೆಗೆ ನಮ್ಮನ್ನು ಮುಗಿಸಲು ಶತ್ರುವಿಗೆ ಬೇಕಾಗುವ ಪೆಟ್ಟುಗಳೂ ಇಮ್ಮಡಿಯಾಗುವುವು. ಎರಡು ಇಮ್ಮಡಿ ಸೇರಿ ನಾಲ್ಮಡಿ. ಒಟ್ಟು ಬಲವನ್ನು ಹೀಗೆ ಬರೆಯಬಹುದು: ಸಂಖ್ಯೆ × ಸಂಖ್ಯೆ × ತಾಳುವ ಪೆಟ್ಟು × ಗುಂಡಿನ ವೇಗ.

ಈ ಸೂತ್ರವನ್ನು ಒಂದು ಉದಾಹರಣೆಗೆ ಹಚ್ಚೋಣ. ಗುಂಡಿನ ವೇಗ ಎಲ್ಲರಿಗೂ ಒಂದೇ ಇರುವ ಆಟವೆಂದಿಟ್ಟುಕೊಳ್ಳಿ. ನಾಲ್ಕು ಭಾರಿ ಟ್ಯಾಂಕುಗಳ ಬಲ 4 × 4 × 9 = 144. ಇದಕ್ಕೆ ಸರಿಜೋಡಿಯಾಗಿ ಹಗುರ ಟ್ಯಾಂಕುಗಳೆಷ್ಟು ಬೇಕು? ಅಣ್ಣನ ಲೆಕ್ಕದಂತೆ ಹನ್ನೆರಡು. ಆದರೆ 12 × 12 × 3 = 432; ಅದು ಮೂರು ಪಟ್ಟು ಬಲ. ಏಳನ್ನು ತೆಗೆದುಕೊಂಡರೆ 7 × 7 × 3 = 147. ನಾಲ್ಕು ಭಾರಿಗಳಿಗೆ ಏಳು ಹಗುರಗಳೇ ಸಾಕು! ನಮ್ಮ ಅಂಗಳದ ನಿಯಮದಲ್ಲಾದರೋ ಪೆಟ್ಟು ಮತ್ತು ವೇಗಗಳ ಗುಣಲಬ್ಧ ಎಲ್ಲ ಜಾತಿಗೂ ಒಂದೇ ಆಗಿರುವುದರಿಂದ, ಸಂಖ್ಯೆಗೆ ಸಂಖ್ಯೆ ಸರಿಯಿದ್ದರೆ ಸಾಕು; ಯಾವ ಜಾತಿಯೆಂದು ಕೇಳಬೇಕಾಗಿಲ್ಲ.

ಇಷ್ಟೆಲ್ಲ ಲೆಕ್ಕ ಎಲ್ಲ ಗುಂಡುಗಳೂ ಗುರಿ ಮುಟ್ಟುವುದೆಂಬ ಭಾವನೆಯ ಮೇಲೆ ನಿಂತಿದೆ. ಓಡುವ ಟ್ಯಾಂಕಿಗೆ ಗುರಿ ತಪ್ಪುವುದುಂಟು. ನಿಜವಾದ ಟೈಗರ್ ಗಂಟೆಗೆ ಸುಮಾರು 38 ಕಿಲೋಮೀಟರ್ ಓಡುತ್ತಿತ್ತು, ಸ್ಟುವರ್ಟ್ ಸುಮಾರು 58. ಇವನ್ನು ಹದಿನಾರರಿಂದ ಭಾಗಿಸಿದರೆ ಆಟಿಕೆಯ ವೇಗ ದೊರೆಯುವುದು: ಟೈಗರಿಗೆ ಸೆಕೆಂಡಿಗೆ 66 ಸೆಂಟಿಮೀಟರ್, ಸ್ಟುವರ್ಟಿಗೆ ಒಂದು ಮೀಟರ್. ಭಾರಿಯು ಮುಂದಿನ ಗುಂಡಿಗೆ 9 ಸೆಕೆಂಡು ಕಾಯುವಷ್ಟರಲ್ಲಿ ಹಗುರವು 9 ಮೀಟರ್ ಓಡಿ ಅದರ ಬೆನ್ನಹಿಂದೆ ನಿಂತಿರಬಹುದು. ಹಗುರ ಟ್ಯಾಂಕೆಂದರೆ ಬರಿಯ ದುರ್ಬಲ ಟ್ಯಾಂಕಲ್ಲ. 1948ರ ನವೆಂಬರ್ 1ರಂದು, ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿ ಲಾ ಕಣಿವೆಯಲ್ಲಿ ಶತ್ರುಗಳು ಕನಸಿನಲ್ಲಿಯೂ ನಿರೀಕ್ಷಿಸದ ಟ್ಯಾಂಕುಗಳು ಕಾಣಿಸಿಕೊಂಡವು. ಅವು ನಮ್ಮ ಸೇನೆಯ ಏಳನೆಯ ಕ್ಯಾವಲ್ರಿ ದಳದ ಸ್ಟುವರ್ಟ್ ಟ್ಯಾಂಕುಗಳು. ಅಂದಿನ ಕಾರ್ಯಾಚರಣೆಯ ಸೇನಾಧಿಪತಿ ಮಡಿಕೇರಿಯಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯನವರು. ಆ ಕಿರುದಾರಿಯಲ್ಲಿ 57 ಟನ್ನಿನ ಟ್ಯಾಂಕನ್ನು ಏರಿಸುವ ಮಾತು ಹಾಗಿರಲಿ, ಕೆಳಗಿನ ಸೇತುವೆಗಳನ್ನು ಅದು ದಾಟುತ್ತಿತ್ತೇ ಎಂಬುದೇ ಸಂದೇಹ.

ಹಾಗಾದರೆ ಓಟದ ಬಲಕ್ಕೆ ಹಗುರ ಟ್ಯಾಂಕಿನಿಂದ ಎಷ್ಟು ಕಳೆಯಬೇಕು? ಇದಕ್ಕೆ ಕಾಗದದ ಮೇಲೆ ಉತ್ತರ ದೊರೆಯದು, ಆಡಿ ಎಣಿಸಬೇಕು. ಎಣಿಸುವಾಗ ಅವಸರ ಕೂಡದು. ಸಂಪೂರ್ಣ ಸಮಬಲದ ಆಟದಲ್ಲಿಯೂ, ನಾಣ್ಯ ಚಿಮ್ಮಿದಂತೆ, ಹತ್ತು ಆಟಗಳಲ್ಲಿ ಒಂದು ಕಡೆಯವರು ಎಂಟೋ ಅದಕ್ಕೂ ಹೆಚ್ಚೋ ಗೆಲ್ಲುವುದು ಒಂಬತ್ತು ಸಲಕ್ಕೊಮ್ಮೆ ಸಂಭವಿಸುವುದು. ಎಂಟು ಎರಡಾಯಿತೆಂದು ನಿಯಮವನ್ನು ಬದಲಿಸುವವನು ದುಡುಕಿದಂತೆ. ಇಪ್ಪತ್ತು ಆಟಗಳಲ್ಲಿ ಹದಿನಾರೋ ಹೆಚ್ಚೋ ಒಂದೇ ಕಡೆಗೆ ಹೋದರೆ ಅದು ಬೇರೆ ಮಾತು. ಕೇವಲ ಅದೃಷ್ಟದಿಂದ ಹಾಗಾಗುವುದು ಸುಮಾರು 85 ಸಲಕ್ಕೊಮ್ಮೆ. ಆಗ ತಕ್ಕಡಿ ವಾಲಿದೆಯೆಂದು ಶಂಕಿಸಲು ಕಾರಣವುಂಟು. ಒಮ್ಮೆಗೆ ಒಂದೇ ಅಂಕೆಯನ್ನು, ಅದೂ ಸ್ವಲ್ಪವೇ ತಿದ್ದಬೇಕು. ಪೆಟ್ಟು, ಬಿಡುವು, ವೇಗ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಬ್ರಹ್ಮನಿಗೂ ತಿಳಿಯದು.

ಪೋಷಕರಲ್ಲಿ ಒಂದು ವಿಜ್ಞಾಪನೆ. ಇಂಥ ಆಟಿಕೆಗಳಿಗೆ ಬೆಲೆ ಬಹಳ. ಈ ಲೇಖನವನ್ನು ಓದಿ ಮಕ್ಕಳು ಹಟ ಹಿಡಿದರೆ ನನ್ನನ್ನು ದೂರದಿರಿ. ಹುಣಿಸೆ ಬೀಜಗಳಿಂದಲೇ ಇಡೀ ಪಾಠವನ್ನು ಆಡಿ ಮುಗಿಸಬಹುದು. ಆ ತಮ್ಮನು ಈಗ ಆಟಕ್ಕೆ ಬರುತ್ತಿರುವನು. ಅಂಗಳದಲ್ಲಿ ಅವನು ತಾನಾಗಿಯೇ ಮೂರು ಬೀಜಗಳನ್ನು ಕೇಳಿ ತೆಗೆದುಕೊಳ್ಳುವುದನ್ನು ನಾನು ಕಂಡಿರುವೆನು. ಅಣ್ಣನು ಒಂಬತ್ತು ಬೀಜಗಳೊಡನೆ ಸೋತು ಮತ್ತೊಂದು ಆಟಕ್ಕೆ ಕರೆಯುವುದನ್ನೂ ಕಂಡಿರುವೆನು.

ಇನ್ನು ನಿಮಗೊಂದು ಲೆಕ್ಕ. 12 ಪೆಟ್ಟು ತಾಳುವ ಮಹಾಭಾರಿ ಟ್ಯಾಂಕೊಂದು ಬಂದಿತೆನ್ನಿ. ತುಂಬಿದ ಫಿರಂಗಿಯಿಂದ ಆರಂಭಿಸುವ ನಿಯಮದಲ್ಲಿ ಅದರ ಬಿಡುವು ಎಷ್ಟು ಸೆಕೆಂಡಿರಬೇಕು? ಬರಿದಾದ ಫಿರಂಗಿಯಿಂದ ಆರಂಭಿಸಿದರೆ ಎಷ್ಟು? ಉಳಿದ ಮೂರು ಜಾತಿಗಳೊಡನೆಯೂ ಒರೆಹಚ್ಚಿ ನೋಡಿ, ಉತ್ತರವನ್ನು ಬರೆದು ನನ್ನ ಮೇಜಿನ ಮೇಲಿಡಿ. ಬೇಲಿಯ ಸಂದುಗಳನ್ನು ಎಣಿಸುವಾಗ ಎಚ್ಚರವಿರಲಿ.